ಬಾನೆಟ್ಟಿಗೆ ಕಟ್ಟಿದ ಬೆಳ್ಳುಳ್ಳಿ

ಹೆದರಿಕೆಗೂ ಒಂದು ಮರ್ಯಾದೆ ಇರಬೇಕು. ಹಾವಿಗೆ ಹೆದರುತ್ತೇನೆ ಎಂದರೆ ಜನ ಒಪ್ಪುತ್ತಾರೆ. ಪೊಲೀಸರಿಗೆ, ಹೆಂಡತಿಗೆ ಹೆದರುತ್ತೇನೆ ಎಂದರೆ ‘ನಮ್ಮದೂ ಅದೇ ಪಾಡು’ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕುಡಿಸುತ್ತಾರೆ. ನಾನು ಬೆಳ್ಳುಳ್ಳಿಗೆ ಹೆದರುತ್ತೇನೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಬಿದ್ದರೆ ಇಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತದೆ. ರೊಟ್ಟಿಗೆ ಬೆಳ್ಳುಳ್ಳಿ ಅರೆದ ಕೆಂಪು ಖಾರ, ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ, ಮಂಡಕ್ಕಿಗೂ ಜಜ್ಜಿದ ಬೆಳ್ಳುಳ್ಳಿ ಇರುವ ನಮ್ಮ ಸೀಮೆಯಲ್ಲಿ ಇಂಥ ಹೆದರಿಕೆ ಇಟ್ಟುಕೊಂಡು ಬದುಕುವುದು ಸುಲಭವಲ್ಲ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಗ್ಯಾಸ್ ಎಂದರು. ಗ್ಯಾಸ್ ಅಲ್ಲ ಅದು. ಅದು ನಮ್ಮಣ್ಣ.

ನಾನು ಕೊಟ್ಟೂರಿನವನು, ಹೆಸರು ಕೊಟ್ರೇಶ. ಇಷ್ಟು ಹೇಳಿದರೆ ನನ್ನ ಗುರುತು ಹತ್ತುವುದಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಕಂಡಕ್ಟರು, ಹಣ್ಣು ಮಾರುವವನು, ಬಸ್ಸಿಗೆ ಕಾಯುವವರಲ್ಲಿ ಅರ್ಧ ಜನ ತಿರುಗಿ ನೋಡುತ್ತಾರೆ. ಹೀಗೆ ಹುಟ್ಟಿದಾಗಲೇ ನಾನೊಂದು ನಕಲು. ಸ್ಕೂಟರ್, ಆಟೋ, ಟ್ರ್ಯಾಕ್ಟರುಗಳ ಸೀಟು ಹೊಲಿಯುವುದು ನನ್ನ ಕಸುಬು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟದ್ದು ಶಾಲೆಯನ್ನು ಮಾತ್ರ, ಮೇಷ್ಟ್ರ ಹೆದರಿಕೆಯನ್ನಲ್ಲ. ಚಿಕ್ಕವನಿದ್ದಾಗ ನಾನು ಸ್ಲೇಟು ಒಡೆದುಕೊಂಡು ಚೂರುಗಳನ್ನು ಅಂಗಿಯೊಳಗೆ ಮುಚ್ಚಿಟ್ಟಿದ್ದೆ. ನಮ್ಮಣ್ಣ ನಾಗಣ್ಣ ಅದನ್ನು ನೋಡಿದ. ಏನೂ ಅನ್ನದೆ ತನ್ನ ಸ್ಲೇಟು ನನ್ನ ಕೈಗಿಟ್ಟು, ನನ್ನ ಚೂರುಗಳನ್ನು ತಾನು ಹಿಡಿದು ಮೇಷ್ಟ್ರ ಮುಂದೆ ನಿಂತ. ಹೊಡೆತ ತಿಂದು ಬಂದು ‘ಹೋಗ್ಲಿ ಬಿಡು’ ಎಂದ. ನನಗೆ ಹೊಡೆತ ತಿಂದ ನೆನಪುಗಳು ಬೇಕಾದಷ್ಟಿವೆ, ಯಾವುದೂ ನೋಯುವುದಿಲ್ಲ. ಆ ‘ಹೋಗ್ಲಿ ಬಿಡು’ ಮಾತ್ರ ಇವತ್ತಿಗೂ ಉರಿಯುತ್ತದೆ.

ಅಣ್ಣ ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಡ್ರೈವರ್ ಆಗಿದ್ದ. ಬಿಳಿ ಅಂಬಾಸಿಡರ್ ಕಾರು. ಸಾಹೇಬರು ಬದಲಾಗುತ್ತಿದ್ದರು, ಡ್ರೈವರೂ ಕಾರೂ ಬದಲಾಗುತ್ತಿರಲಿಲ್ಲ. ಕೊನೆಗೊಂದು ದಿನ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಬಿಟ್ಟರು. ಅದರಲ್ಲಿ ಕೋಳಿ ಮೊಟ್ಟೆ ಇಟ್ಟವು. ಅಣ್ಣನಿಗೆ ನಿವೃತ್ತಿಯಾಗುವ ಹೊತ್ತಿಗೆ ಕಾರು ಹರಾಜಿಗೆ ಬಂತು. ಗುಜರಿಯವರು ಅದನ್ನು ಕಬ್ಬಿಣವೆಂದು ಕೂಗುತ್ತಿದ್ದರೆ ಅಣ್ಣ ತನ್ನ ಆಯುಷ್ಯವೆಂದು ಕೂಗಿ ಕೊಟ್ಟೂರಿನ ಮನೆಗೆ ತಂದ. ಅತ್ತಿಗೆ ಶಾಂತಮ್ಮ ಬಾಗಿಲಲ್ಲಿ ನಿಂತು, “ಮದುವಿ ಆದಾಗಿಂದ ಇದರ ಹೆಸರು ಕೇಳಿ ಕೇಳಿ ಸಾಕಾಗಿತ್ತು. ಈಗ ಸವತಿ ಮನಿಗೇ ಬಂದ್ಲು ನೋಡ್ರಿ” ಎಂದು ಹೇಳುತ್ತಲೇ ಅದರ ಚಕ್ರಕ್ಕೆ ನೀರು ಹಾಕಿ ಒಳಗೆ ಕರೆದುಕೊಂಡಳು.

ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸುವ ಕಷ್ಟ ಇಳಿಸಿದವರಿಗೇ ಗೊತ್ತು. ಅದರ ಅಸಲಿ ಸಾಮಾನುಗಳು ಈಗ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದೆಲ್ಲ ಯಾರೋ ಎಲ್ಲೋ ಹಳೆಯದನ್ನು ನೋಡಿ ಮಾಡಿದ್ದು. ದೂರದಿಂದ ನೋಡಿ ಮಾಡಿದ್ದು ಎಂದರೆ ಹೆಚ್ಚು ಸರಿ. ಅಣ್ಣ ಹೊಸ ಬಾಗಿಲ ಹಿಡಿಕೆ ಹಾಕಿಸಿದ. ಮೊದಲ ದಿನವೇ ಅದು ಕಳಚಿ ಅವನ ಕೈಗೆ ಬಂತು. ಒಳಗೆ ಅತ್ತಿಗೆ, ಹೊರಗೆ ಹಿಡಿಕೆ ಹಿಡಿದ ಅಣ್ಣ. ಬಾಗಿಲ ಸುತ್ತ ಹೊಸ ರಬ್ಬರು ಹಚ್ಚಿಸಿದ. ಅದು ನಮ್ಮೂರ ಬಿಸಿಲಿಗೆ ಬೆಲ್ಲದ ಪಾಕದಂತೆ ಕರಗಿ ಅತ್ತಿಗೆಯ ಸೀರೆಗೆ ಅಂಟಿತು. ಆಕೆ ಇಳಿದು ಅಡುಗೆಮನೆಗೆ ಹೋದರೆ ಅರ್ಧ ರಬ್ಬರು ಆಕೆಯ ಹಿಂದೆಯೇ ಹೋಯಿತು. ಹೊಸ ಕನ್ನಡಿಯಲ್ಲಿ ಹಿಂದೆ ಬರುವ ಲಾರಿ ಆಡಿನಂತೆಯೂ ಆಡು ಲಾರಿಯಂತೆಯೂ ಕಾಣುತ್ತಿತ್ತು. ಹೊಸ ವೈಪರು ಗಾಜನ್ನು ಮುಟ್ಟದೆ ಬರೀ ಗಾಳಿಯನ್ನು ಒರೆಸುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಅಣ್ಣ ಒಂದು ಶಪಥ ಮಾಡಿದ: ಇನ್ನು ಮೇಲೆ ಹಳೆಯದನ್ನೇ ರಿಪೇರಿ ಮಾಡಿಸುವುದು, ಹೊಸ ತಗಡನ್ನು ಮನೆಗೆ ತರುವುದಿಲ್ಲ.

ಕಾರಿನ ಜೊತೆಗೇ ಹುಟ್ಟಿ ಇನ್ನೂ ಗಟ್ಟಿಯಾಗಿ ಉಳಿದಿದ್ದ ಸಾಮಾನುಗಳಲ್ಲಿ ಬಾನೆಟ್ಟಿನ ಲಾಕ್ ಒಂದು. ಬಾನೆಟ್ಟು ಎಂದರೆ ಎಂಜಿನ್ನಿನ ಮೇಲಿನ ಮುಚ್ಚಳ. ಅದನ್ನು ಮುಂದುಗಡೆ ಹಿಡಿದಿಡುವ ಲಾಕೂ, ಲಾಕು ಕೈಕೊಟ್ಟರೆ ತಡೆಯುವ ಕೊಕ್ಕೆಯೂ ಸೇರಿ ಒಂದೇ ಕಬ್ಬಿಣದ ಗಟ್ಟಿ. ಓಡುವಾಗ ಇದು ಬಿಟ್ಟಿತೆಂದರೆ ಒಳಗೆ ಗಾಳಿ ಹೊಕ್ಕು ಮುಚ್ಚಳ ಎದ್ದು ಡ್ರೈವರನ ಮುಂದಿನ ಗಾಜಿಗೆ ಬಡಿಯುತ್ತದೆ. ಆಮೇಲೆ ಅವನಿಗೆ ರಸ್ತೆ ಕಾಣುವುದಿಲ್ಲ. ಅಣ್ಣ ಅದನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟ. “ಲೇ ಕೊಟ್ರಾ, ಕೊಕ್ಕಿ ಸ್ವಲ್ಪ ಸವದೈತಿ. ಹಗರಿಬೊಮ್ಮನಹಳ್ಳಿಗೆ ಹೋಗ್ತಿರ್ತೀಯಲ್ಲ, ಅಲ್ಲಿ ಲೇತಿನವಗ ಕೊಟ್ಟು ವೆಲ್ಡಿಂಗ್ ತುಂಬಿಸ್ಕೊಂಡು ಬಾ. ಜ್ವಾಕಿ. ಇದು ಜೀವ ಹಿಡಿಯೋ ಸಾಮಾನು.” ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿಗೆ ಮಷೀನಿನ ಕೆಳಗೆ ಹಳೆಯ ಸ್ಪ್ರಿಂಗುಗಳ ಪಕ್ಕದಲ್ಲಿಟ್ಟೆ. ನಾಳೆ ಹೋದರಾಯಿತು ಎಂದುಕೊಂಡೆ. ನಾಳೆ ಎನ್ನುವುದು ನನ್ನ ಅಂಗಡಿಯ ಮನೆದೇವರು.

ನಮ್ಮ ಓಣಿಗೆ ತಳ್ಳುಗಾಡಿಯ ಗುಜರಿಯವನೊಬ್ಬ ಬರುತ್ತಾನೆ. ಹಳೆ ಕಬ್ಬಿಣ, ಒಡೆದ ಕೊಡ ಕೊಟ್ಟರೆ ತೂಕಕ್ಕೆ ತಕ್ಕಂತೆ ಬೆಳ್ಳುಳ್ಳಿ ಕೊಡುತ್ತಾನೆ. ಮಷೀನಿನ ಕೆಳಗೆ ಕೈ ಹಾಕಿದರೆ ಚೇಳು ಸಿಗುತ್ತದೆ ಎಂದು ಹೆಂಡತಿ ಬೈಯುತ್ತಲೇ ಇದ್ದಳು. ನನಗೆ ಅವತ್ತು ಎಲ್ಲಿಂದ ಬಂತೋ ಉತ್ಸಾಹ. ಮಷೀನಿನ ಕೆಳಗಿದ್ದದ್ದನ್ನೆಲ್ಲ ಬಾಚಿ ಅವನ ತಕ್ಕಡಿಗೆ ಸುರಿದೆ. “ಬಟ್ಟಿ ಗಂಟಿನಾಗ ಏನೋ ಭಾಳ ತೂಕ ಐತಿರೀ ಅಣ್ಣಾರ” ಎಂದು ಅವನೇ ಅಂದ. ಆಮೇಲೆ ಒಳ್ಳೆ ಮನಸ್ಸಿನಿಂದ ಇನ್ನೊಂದು ಹಿಡಿ ಬೆಳ್ಳುಳ್ಳಿ ಹಾಕಿದ. ವ್ಯಾಪಾರದಲ್ಲಿ ನಾನು ಗೆದ್ದದ್ದು ಅದೇ ಮೊದಲು. ಹೆಂಡತಿಯ ಮುಂದೆ ಬುಟ್ಟಿ ಇಟ್ಟು ಮೀಸೆ ತಿರುವಿದೆ. ಆ ಹೆಚ್ಚಿನ ಹಿಡಿ ಅಣ್ಣನ ಲಾಕು ಎಂದು ತಿಳಿದದ್ದು ಸಂಜೆ ಚಹಾ ಕುಡಿಯುವಾಗ, ಅಣ್ಣ ಬಂದು, “ಲಾಕ್ ಕೊಟ್ಟಿಯೇನಲೇ?” ಎಂದು ಕೇಳಿದ ಗಳಿಗೆಯಲ್ಲಿ.

“ಕೊಟ್ಟೀನಣ್ಣ” ಎಂದೆ. ನಾನು ಸುಳ್ಳು ಹೇಳಲಿಲ್ಲ. ಯಾರಿಗೆ ಕೊಟ್ಟೆ ಎಂದು ಅವನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಗುಜರಿ ಅಂಗಡಿಗೆ ಓಡಿದೆ. ಅಲ್ಲಿಯ ಕಬ್ಬಿಣವೆಲ್ಲ ಕರಗಿಸುವುದಕ್ಕೆ ಲಾರಿ ಹತ್ತಿ ಹೋಗಿತ್ತು. ಖಾಲಿ ಜಾಗದಲ್ಲಿ ನಾಯಿಯೊಂದು ಮಲಗಿತ್ತು. ಅದು ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಿತು. ಆಗಲೇ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಅಣ್ಣ ಬೈಯುವವನಲ್ಲ, ಹೊಡೆಯುವವನಲ್ಲ, ‘ಹೋಗ್ಲಿ ಬಿಡು’ ಅನ್ನುವವನು. ಅದಕ್ಕೇ ಹೇಳಲಿಲ್ಲ. ಸ್ಲೇಟಿನ ಚೂರುಗಳಂತೆ ಇದನ್ನೂ ಅಂಗಿಯೊಳಗಿಟ್ಟುಕೊಂಡು ದಾವಣಗೆರೆ ಬಸ್ ಹತ್ತಿದೆ.

ಅಲ್ಲಿಯ ಒಂದು ಸಂದಿಯಲ್ಲಿ ಹಳೆ ಗಾಡಿಗಳ ಸಾಮಾನಿನ ಅಂಗಡಿ. ಮಾಲೀಕ ಮಿರಿಮಿರಿ ಮಿಂಚುವ ಲಾಕೊಂದನ್ನು ತೆಗೆದಿಟ್ಟ. ಕೈಗೆತ್ತಿಕೊಂಡರೆ ಹಪ್ಪಳದಷ್ಟು ಹಗುರ.

“ಇದು ಅದೇನೇನ್ರಿ?” ಎಂದೆ.

“ಅದರಂಥದ್ದೇ ತಗಳ್ರಿ.”

“ಗಟ್ಟಿ ಐತೇನ್ರಿ?”

“ಗಟ್ಟೀನೂ ಅದರಂಥದ್ದೇ.”

“ಗ್ಯಾರಂಟಿ?”

“ಐತೆ ಕಣ್ರಿ. ನೀವು ಅಂಗಡಿ ಮೆಟ್ಲು ಇಳಿಯೋ ತಂಕ.”

ಅವನು ನಕ್ಕ, ನಾನೂ ನಕ್ಕೆ. ಹೆದರಿದಾಗ ನನಗೆ ನಗು ಬರುತ್ತದೆ. ಬಸ್ಸಿನಲ್ಲಿ ಬರುವಾಗ ಅವನ ಮಾತನ್ನೇ ಯೋಚಿಸಿದೆ. ಈ ‘ಅಂಥ’ ಎಂಬ ಎರಡಕ್ಷರ ಮನುಷ್ಯರಿಗೆ ಹಚ್ಚಿದರೆ ಎಷ್ಟು ಚೆಂದ. ದೇವರಂಥ ಮನುಷ್ಯ, ತಾಯಿಯಂಥ ಅತ್ತಿಗೆ. ಅದನ್ನೇ ಲಾಕಿಗೆ ಹಚ್ಚಿದರೆ ಬೆನ್ನಲ್ಲಿ ನೀರಿಳಿಯುತ್ತದೆ. ನಮ್ಮ ನೆಂಟರು ನನ್ನನ್ನು ನೋಡಿದಾಗಲೆಲ್ಲ ‘ತಮ್ಮನೂ ಅಣ್ಣನಂಥವನೇ’ ಎನ್ನುತ್ತಾರೆ. ಅವರೂ ಕೈಗೆತ್ತಿಕೊಂಡು ತೂಕ ನೋಡಿಲ್ಲ.

ಊರಿಗೆ ಬಂದ ಮೇಲೆ ನಾನು ಮಾಡಿದ ಕೆಲಸ ಲೋಕದಲ್ಲಿ ಯಾರೂ ಮಾಡಿರಲಾರರು. ಅಣ್ಣ ತಿಂಗಳುಗಟ್ಟಲೆ ಹಳೆಯದನ್ನು ಹೊಸದು ಮಾಡುತ್ತ ಕುಳಿತಿದ್ದರೆ, ನಾನು ಹಿತ್ತಲಲ್ಲಿ ಕುಳಿತು ಹೊಸದನ್ನು ಹಳೆಯದು ಮಾಡಿದೆ. ಉಪ್ಪುನೀರಿನಲ್ಲಿ ನೆನೆಹಾಕಿ ತುಕ್ಕು ಬರಿಸಿದೆ, ಮರಳಿನಲ್ಲಿ ತಿಕ್ಕಿದೆ, ಸುಟ್ಟ ಆಯಿಲು ಬಳಿದೆ. ಆಮೇಲೆ ಗ್ರೀಸು ಮೆತ್ತಿ ನಾನೇ ಕಾರಿಗೆ ಕೂರಿಸಿದೆ. ಮೊದಲಿನ ಲಾಕು ಬಿದ್ದರೆ ‘ಧಬ್’ ಎಂದು ಊರ ಗೌಡರು ಕೆಮ್ಮಿದಂತೆ ಕೇಳುತ್ತಿತ್ತು. ಇದು ‘ಚಿಟ್’ ಎಂದಿತು, ಊಟದ ಡಬ್ಬಿಯ ಹಾಗೆ. ಅಣ್ಣನ ಹುಬ್ಬು ಗಂಟಾಯಿತು. “ದನಿ ಯಾಕೋ ಸಣ್ಣಗಾಗೈತಲ್ಲೋ?” “ವೆಲ್ಡಿಂಗ್ ತುಂಬ್ಯಾರಲ್ಲಣ್ಣ, ಬಿಗಿ ಆಗೈತಿ” ಎಂದೆ. ಅಣ್ಣ ನನ್ನ ಮಾತು ನಂಬಿದ. ನಂಬುವವರನ್ನು ಕಂಡರೆ ನನಗೆ ಕರಡಿ ಕಂಡಷ್ಟು ಹೆದರಿಕೆ.

ಆ ರಾತ್ರಿಯಿಂದ ಕಣ್ಣು ಮುಚ್ಚಿದರೆ ಬಾನೆಟ್ಟು ಏಳುತ್ತಿತ್ತು. ಕೊನೆಗೆ ನನ್ನ ಕಸುಬೇ ಒಂದು ದಾರಿ ತೋರಿಸಿತು. ಟ್ರ್ಯಾಕ್ಟರ್ ಸೀಟು ಹೊಲಿಯುವ ನೈಲಾನ್ ದಾರವನ್ನು ಹಲವು ಎಳೆ ಸೇರಿಸಿ ಹೊಸೆದು, ಮೇಲೆ ಕರಿ ಉಣ್ಣೆ ಸುತ್ತಿದೆ. ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಬಾನೆಟ್ಟಿನ ಮೂಗಿನಿಂದ ಬಂಪರಿನವರೆಗೆ ಬಿಗಿದು ಕಟ್ಟಿದೆ. ನೋಡುವವರಿಗೆ ದೃಷ್ಟಿ ದಾರ, ನನಗೆ ಹಗ್ಗ. ಇಂಥದ್ದನ್ನೆಲ್ಲ ಅಣ್ಣ ನಂಬುವವನಲ್ಲ. ಅತ್ತಿಗೆಯ ಕಣ್ಣು ಮಾತ್ರ ತುಂಬಿ ಬಂತು. “ನೋಡ್ರಿ, ಹುಟ್ಟಿದ್ರ ಇಂಥ ತಮ್ಮ ಹುಟ್ಟಬೇಕು. ನಿಮಗ ದೃಷ್ಟಿ ಆಗಬಾರದಂತ ಎಷ್ಟು ಬಿಗಿದು ಕಟ್ಯಾನ!” ದಾರ ಬಿಚ್ಚದೆ ಬಾನೆಟ್ಟು ತೆರೆಯುವಂತಿಲ್ಲವಲ್ಲ, ಅದಕ್ಕೆ ನೀರು, ಆಯಿಲು ನೋಡುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ದಿನಾ ಬೆಳಿಗ್ಗೆ ಹೋಗಿ ಬಿಚ್ಚುವುದು, ನೋಡುವುದು, ಬಿಗಿಯುವುದು, ಎರಡು ಕೈಯಿಂದ ಒತ್ತಿ ಪರೀಕ್ಷಿಸುವುದು. ಓಣಿಯವರು ನಾನು ಕಾರಿಗೆ ನಮಸ್ಕಾರ ಮಾಡುತ್ತೇನೆ ಎಂದುಕೊಂಡರು. “ಪೂಜಾರಿ ಬಂದ ನೋಡ್ರಿ” ಎಂದು ಅತ್ತಿಗೆ ನನಗೆ ರೊಟ್ಟಿ ಬಡಿಯತೊಡಗಿದಳು. ರೊಟ್ಟಿಯ ಜೊತೆಗೆ ಕೆಂಪು ಖಾರ. ಅದರೊಳಗಿನ ಬೆಳ್ಳುಳ್ಳಿ ಗುಜರಿಯವನದೇ, ನನ್ನ ಹೆಂಡತಿ ಕೊಟ್ಟು ಕಳಿಸಿದ್ದು. “ಬಳ್ಳೊಳ್ಳಿ ಭಾಳ ಚಲೋ ಅದಾವಲ್ಲೋ, ಎಲ್ಲಿ ತಂದಿ?” ಎಂದು ಅಣ್ಣ ಬೆರಳು ನೆಕ್ಕುತ್ತ ಕೇಳಿದ. ನನಗೆ ನೆತ್ತಿಗೆ ಹತ್ತಿತು. ಅತ್ತಿಗೆ ನೆತ್ತಿ ತಟ್ಟಿ, “ಯಾರೋ ನೆನಸ್ಯಾರ” ಎಂದಳು. ಯಾರು ನೆನೆಸುತ್ತಾರೆ! ಆ ಲಾಕೇ ನೆನೆಸಿರಬೇಕು.

ಗುಡೇಕೋಟೆಯಲ್ಲಿ ನಮ್ಮಕ್ಕ ಗೌರಕ್ಕ ಇದ್ದಾಳೆ. ಕಾರು ತಯಾರಾದ ದಿನ ನಿನ್ನನ್ನು ಸಾಹೇಬರು ಕೂರುವ ಸೀಟಿನಲ್ಲಿ ಕೂರಿಸಿ ತಿರುಗಾಡಿಸುತ್ತೇನೆ ಎಂದು ಅಣ್ಣ ಅವಳಿಗೆ ಮಾತು ಕೊಟ್ಟಿದ್ದ. ಆ ದಿನವೂ ಬಂತು. ಅದು ಅಮಾವಾಸ್ಯೆ. ನಾನು ಹೋಗುವ ಹೊತ್ತಿಗೆ ಅತ್ತಿಗೆ ಈಳಿಗೆ ಹಿಡಿದು ಬಾನೆಟ್ಟಿನ ಮುಂದೆ ಕೂತಿದ್ದಾಳೆ. “ಅಮಾಸಿಗೆ ಹಳೇ ದಾರ ಇರಬಾರದಪ್ಪ. ಗೌರಕ್ಕನ ಕೈಲೆ ಹೊಸಾದು ಕಟ್ಸೋಣ. ಏನ್ ಗಟ್ಟಿ ಐತೋ ಮಾರಾಯ ಇದು, ಈಳಿಗಿ ಮೊಂಡಾತು. ಭಕ್ತಿ ಅಂದ್ರ ಇದು!” ನನ್ನ ಭಕ್ತಿ ತುಂಡುತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಒಂದು ಉದ್ದನೆಯ ತುಂಡನ್ನು ಎತ್ತಿ ಜೇಬಿಗೆ ತುರುಕಿದೆ. “ಅಣ್ಣ, ಇವತ್ತು ಬಸ್ಸಿಗೆ ಹೋಗೋಣೇನು?” ಎಂದೆ. ಅಣ್ಣ ನನ್ನ ಮುಖ ನೋಡಿದ. “ಜ್ವರ ಬಂದೈತೇನು ನಿನಗ? ಹತ್ತು.”

ಮುಂದಿನ ಸೀಟಿನಲ್ಲಿ ಕುಳಿತು ಬಾನೆಟ್ಟಿನಿಂದ ಕಣ್ಣು ತೆಗೆಯಲಿಲ್ಲ. ಕೂಡ್ಲಿಗಿ ಮುಟ್ಟುವುದರೊಳಗೆ ಅದು ಉಸಿರಾಡತೊಡಗಿತು. ಗಾಳಿ ಬಂದರೆ ಒಂದು ಎಳೆಯಷ್ಟು ಏಳುತ್ತದೆ, ಮತ್ತೆ ಕೂರುತ್ತದೆ. “ಅಣ್ಣ, ನಿಲ್ಸು. ಮೂತ್ರಕ್ಕ.” ಇಳಿದು, ಹೋಗುವಾಗೊಮ್ಮೆ ಬರುವಾಗೊಮ್ಮೆ ಬಾನೆಟ್ಟನ್ನು ಒತ್ತಿದೆ. ಸ್ವಲ್ಪ ದೂರಕ್ಕೆ ಮತ್ತೆ, “ಅಣ್ಣ, ನಿಲ್ಸು.” ಮತ್ತೆ ಸ್ವಲ್ಪ ದೂರಕ್ಕೆ ಅದೇ ಮಾತು. “ಲೇ, ನಾಳೆ ಹೋಗಿ ಮೊದ್ಲು ಶುಗರ್ ಚೆಕ್ ಮಾಡಿಸ್ಕೋ” ಎಂದ ಅಣ್ಣ. ಗುಡೇಕೋಟೆಯ ಗುಡ್ಡದ ಸಾಲು ಬಂದಾಗ ನಾನು ಮತ್ತೆ ಬಾಯಿ ತೆರೆದೆ. “ಇಲ್ಲಿ ಬ್ಯಾಡೋ, ಕರಡಿ ಅದಾವ” ಎಂದು ಅತ್ತಿಗೆ ಕೂಗಿದಳು. ಆದರೂ ಇಳಿದೆ. ಪೊದೆಯಲ್ಲಿ ಏನೋ ಸರಸರ ಎಂದಿತು. ಕರಡಿ ಬಂದು ಆ ಬಾನೆಟ್ಟಿನ ಮೇಲೆ ಕೂತುಬಿಟ್ಟರೆ ಎಷ್ಟು ಚೆನ್ನ ಎಂದುಕೊಂಡೆ. ಒಳಗೆ ಅತ್ತಿಗೆ ಹೇಳುವುದು ಕೇಳಿಸುತ್ತಿತ್ತು: “ಇಳಿದಾಗೊಮ್ಮೆ ಕಾರಿಗೆ ಕೈ ಮುಟ್ಟಿ ಬರ್ತಾನ ನೋಡ್ರಿ ಪಾಪ.”

ಗೌರಕ್ಕ ಹೊಸ ಸೀರೆ ಉಟ್ಟು ಕಾಯುತ್ತಿದ್ದಳು. ದಾರ ಕಟ್ಟುವುದು ಆಮೇಲಾಗಲಿ, ಮೊದಲು ತಿರುಗಾಡಿಸು ಎಂದಳು. ಹಿಂದಿನ ಸೀಟಿನಲ್ಲಿ ಅತ್ತಿಗೆಯ ಪಕ್ಕದಲ್ಲಿ ಕೂತು, ಸಾಹೇಬರಂತೆ ಕಾಲ ಮೇಲೆ ಕಾಲು ಹಾಕಿ, “ಹೊರಡಪ್ಪಾ ಡ್ರೈವರ್” ಎಂದಳು. ಅಣ್ಣನಿಗೆ ಹಿಗ್ಗು. ಊರು ದಾಟಿ ಇಳಿಜಾರಿಗೆ ಬಂದೆವು. ಎದುರಿನಿಂದ ಲಾರಿಯೊಂದು ಬಂತು. ಅದು ನಮ್ಮನ್ನು ದಾಟುವಾಗ ಬೀಸಿದ ಗಾಳಿಗೆ ಲಾಕು ‘ಚಿಟ್’ ಎಂದಿತು. ಆಮೇಲೆ ನನ್ನ ಕನಸಿನಲ್ಲಿ ದಿನಾ ಆಗುತ್ತಿದ್ದದ್ದೇ ಆಯಿತು. ಬಾನೆಟ್ಟು ಬಾಯಿ ತೆರೆದು ಎದ್ದು ಬಂದು ಗಾಜಿಗೆ ಅಪ್ಪಳಿಸಿತು. ಮುಂದೆ ರಸ್ತೆಯಿಲ್ಲ, ಆಕಾಶವಿಲ್ಲ, ಬರೀ ಬಿಳಿ ಗೋಡೆ. ನಾನು ಕೂಗಿದೆ ಎಂದು ಆಮೇಲೆ ಹೇಳಿದರು. ನನಗೆ ಕೇಳಿಸಿದ್ದು ಅಣ್ಣನ ಉಸಿರು ಮಾತ್ರ. ಅವನು ಒಮ್ಮೆಲೇ ಬ್ರೇಕ್ ಒತ್ತಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯ ಅಂಚನ್ನು ನೋಡಿಕೊಂಡು, ಮಲಗಿದ ಮಗುವನ್ನು ಕೆಳಗಿಳಿಸಿದಷ್ಟು ನಿಧಾನಕ್ಕೆ ಕಾರನ್ನು ಬದಿಗೆ ತಂದು ನಿಲ್ಲಿಸಿದ. ಹಿಂದಿನಿಂದ ಗೌರಕ್ಕ, “ಏನೋ ನಾಗಣ್ಣ, ಮುಂದ ಪರದೆ ಎಳೆದುಬಿಟ್ಟಿಯಲ್ಲ. ಸಾಹೇಬ್ರ ಕಾರಿನಾಗ ಹಿಂಗೂ ಇರತೈತೇನು?” ಎಂದಳು.

ಕೆಳಗಿಳಿದೆವು. ಅತ್ತಿಗೆ ಎದೆ ಹಿಡಿದುಕೊಂಡು, “ದಾರ ಬಿಚ್ಚಿದ್ದಕ್ಕ ಹಿಂಗಾತು! ನಾನೇ ಪಾಪಿ, ನಾನೇ ಕೊಯ್ದೆ” ಎಂದು ಅಳತೊಡಗಿದಳು. ಎಷ್ಟು ಸುಲಭದ ದಾರಿ! ನಾನು ಸುಮ್ಮನಿದ್ದರೆ ಸಾಕಿತ್ತು, ತಪ್ಪು ಅಮಾವಾಸ್ಯೆಯ ತಲೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಅಣ್ಣ, “ದಾರದ್ದೇನೂ ಇಲ್ಲ. ತಪ್ಪು ನಂದು. ಲಾಕ್ ನಾನು ಕೈಯಾರೆ ನೋಡಬೇಕಿತ್ತು, ನೋಡಲಿಲ್ಲ” ಎಂದ. ಮತ್ತೆ ನನ್ನ ಸ್ಲೇಟಿನ ಚೂರುಗಳನ್ನು ಹಿಡಿದು ನಿಂತಿದ್ದ.

“ಅಣ್ಣ, ಅದು ನಿನ್ನ ಲಾಕಲ್ಲ” ಎಂದೆ.

“ಮತ್ತ ನಂದು ಎಲ್ಲೈತಿ?”

“ತಿಂದ್ವಿ.”

“ಏನು?”

“ಬಳ್ಳೊಳ್ಳಿ, ಅಣ್ಣ. ಕೆಂಪು ಖಾರದಾಗ. ಗುಜರಿಯವಗ ಕೊಟ್ಟುಬಿಟ್ಟೆ. ಚಲೋ ಅದಾವಂತ ನೀನೂ ಅಂದಿ.”

ಗೌರಕ್ಕ ನಗತೊಡಗಿದಳು. ಅತ್ತಿಗೆ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು, ತನ್ನ ಮೊಂಡಾದ ಈಳಿಗೆ ಆಗ ಆಕೆಗೆ ಅರ್ಥವಾಗಿರಬೇಕು. ಅಣ್ಣ ನಗಲಿಲ್ಲ. ತಗಡಿನಂತೆ ಮಡಚಿಕೊಂಡಿದ್ದ ಲಾಕನ್ನು ಬೆರಳಿನಿಂದ ಮುಟ್ಟಿ ನೋಡಿದ. “ಹಿಂದ ಇಬ್ಬರು ಹೆಣ್ಮಕ್ಕಳು ಕುಂತಿದ್ರಲ್ಲೋ” ಎಂದ. ಅಷ್ಟೇ. ನಾನು ಜೇಬಿನಿಂದ ದಾರದ ತುಂಡು ತೆಗೆದು ಕೊಟ್ಟೆ. ಬಾನೆಟ್ಟನ್ನು ಅವನೇ ಕಟ್ಟಿದ. ಅಕ್ಕನನ್ನು ಮನೆಗೆ ಬಿಟ್ಟು ಕೊಟ್ಟೂರಿನವರೆಗೆ ಎತ್ತಿನ ಬಂಡಿಯ ವೇಗದಲ್ಲಿ ಬಂದೆವು. ದಾರಿಯುದ್ದಕ್ಕೂ ಅವನು ‘ಹೋಗ್ಲಿ ಬಿಡು’ ಎನ್ನಲಿ ಎಂದು ಕಾದೆ. ಇಷ್ಟು ವರ್ಷ ಯಾವ ಮಾತಿಗೆ ಹೆದರಿದ್ದೆನೋ ಅದೇ ಮಾತಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅವನು ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದ. “ಆ ಬಳ್ಳೊಳ್ಳಿ ಇನ್ನೂ ಉಳದಾವೇನು?” ಎಂದು ಕೇಳಿದ. “ಒಂದಿಷ್ಟು ಅದಾವಣ್ಣ” ಎಂದೆ. “ತಗೊಂಡು ಬಾ. ನನ್ನ ಒರಿಜಿನಲ್ ಸಾಮಾನು ಅಷ್ಟ ಉಳದೈತಿ.” ಅವನ್ನು ನನ್ನ ಕೈಯಿಂದಲೇ ನೈಲಾನ್ ದಾರಕ್ಕೆ ಪೋಣಿಸಿಕೊಂಡು, ನಿಂಬೆಹಣ್ಣಿನ ಜಾಗದಲ್ಲಿ ಕಾರಿನ ಮುಂದೆ ತೂಗುಹಾಕಿದ. ಈಗ ದಪ್ಪ ಕಬ್ಬಿಣದ ಪಟ್ಟಿ ಕಡಿಸಿ ಲೇತಿನಲ್ಲಿ ಗಟ್ಟಿ ಲಾಕು ಮಾಡಿಸಿದ್ದಾನೆ, ‘ಧಬ್’ ಎನ್ನುತ್ತದೆ. ಆದರೂ ಬೆಳ್ಳುಳ್ಳಿ ಇಳಿಸಿಲ್ಲ. ನಿಂಬೆಹಣ್ಣು ಬಿಟ್ಟು ಇದೇನು ನಾಗಣ್ಣ ಎಂದು ಯಾರಾದರೂ ಕೇಳಿದರೆ, “ನಮ್ಮ ತಮ್ಮನ್ನ ಕೇಳ್ರಿ, ಅವಗ ಗೊತ್ತೈತಿ” ಎನ್ನುತ್ತಾನೆ. ಅವರು ನನ್ನ ಅಂಗಡಿಗೆ ಬಂದು ಕೇಳುತ್ತಾರೆ. ನಾನು ಸೂಜಿ ಹುಡುಕತೊಡಗುತ್ತೇನೆ.

ಮೊನ್ನೆ ಕೂಡ್ಲಿಗಿಗೆ ರೆಕ್ಸಿನ್ ತರಲು ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹೊರಗೆ ಹಳೆಯದೊಂದು ಬಾಡಿಗೆ ಜೀಪು. ಅದರ ಮೂಗಿಗೆ ಕರಿ ದಾರದಲ್ಲಿ ಬೆಳ್ಳುಳ್ಳಿ. ನನಗೆ ಬೆವರು ಬಂತು. “ಇದೇನಪ್ಪಾ?” ಎಂದು ಡ್ರೈವರನನ್ನು ಕೇಳಿದೆ.

“ದೃಷ್ಟಿಗ್ರಿ. ನಿಂಬಿಹಣ್ಣು ಏನೂ ಅಲ್ಲ ಇದರ ಮುಂದ. ಕೊಟ್ಟೂರಾಗ ಒಂದು ಅಂಬಾಸಿಡರ್‌ಗೆ ಕಟ್ಯಾರಂತ. ಬಾನೆಟ್ ಎದ್ದು ಗಾಜಿಗೆ ಬಡದ್ರೂ ಒಳಗಿದ್ದವರಿಗೆ ಒಂದು ಗಾಯ ಇಲ್ಲಂತ.”

“ಅಲ್ಲಿ ಕಟ್ಟಿದ್ದೂ ಇದೇನಾ?”

“ಅದರಂಥದ್ದೇ ರಿ” ಎಂದ.

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ. ಜೀಪಿನಲ್ಲಿ ಆಗಲೇ ಜನ ತುಂಬಿದ್ದರು, ಒಬ್ಬಳ ತೊಡೆಯ ಮೇಲೆ ಕೂಸಿತ್ತು. ನಾನು ಮುಂದೆ ಹೋಗಿ ಎರಡೂ ಕೈಯೂರಿ ಬಾನೆಟ್ಟನ್ನು ಬಲವಾಗಿ ಒತ್ತಿ ನೋಡಿದೆ. ಡ್ರೈವರ್ ನನ್ನ ಭಕ್ತಿ ಕಂಡು ಚಪ್ಪಲಿ ಬಿಟ್ಟು ತಾನೂ ಕೈಮುಗಿದ.